ಡ್ರೈವರ್ ಒಳಗೆ ಕಟ್ಟಿಹಾಕಿದ ಬೆಕ್ಕು

ತಾತನ ಶ್ರಾದ್ಧದ ದಿನ ಮನೆ ಬೆಕ್ಕು ಹಾಲಿಗೆ ಬಾಯಿ ಹಾಕತ್ತೆ ಅಂತ ಅಪ್ಪ ಅದನ್ನ ಬುಟ್ಟಿ ಕೆಳಗೆ ಮುಚ್ಚಿಟ್ಟಿದ್ನಂತೆ, ಅದನ್ನೇ ನೋಡ್ಕೊಂಡು ಬೆಳೆದ ಮಗ ತನ್ನ ಕಾಲಕ್ಕೆ ಮನೇಲಿ ಬೆಕ್ಕೇ ಇಲ್ದಿದ್ರೂ ಪಕ್ಕದ ಮನೆಯಿಂದ ಒಂದನ್ನ ಹಿಡ್ಕೊಂಡು ಬಂದು ಬುಟ್ಟಿ ಮುಚ್ಚಿದ ಮೇಲೇ ಪಿಂಡ ಇಟ್ನಂತೆ. ಈ ಕತೆ ಕೇಳಿ ನಗದೇ ಇರೋ ಸಾಫ್ಟ್‌ವೇರ್ ಇಂಜಿನಿಯರ್ ಬೆಂಗಳೂರಲ್ಲಿ ಸಿಗಲ್ಲ. ಅದೇ ಇಂಜಿನಿಯರ್ ಬರೆದಿರೋ ಡಿವೈಸ್ ಡ್ರೈವರ್, ಅಂದ್ರೆ ಒಂದು ಚಿಪ್ಪನ್ನ ನಡೆಸೋ ಪ್ರೋಗ್ರಾಮ್, ತೆಗೆದು ನೋಡಿ, ಅಲ್ಲೂ ಒಂದು ಬುಟ್ಟಿ ಇರತ್ತೆ.

ನಮ್ಮ ಟೀಮಲ್ಲೇ ಸಿಕ್ತು. ಒಂದು ಬೋರ್ಡು, ಮೇಲೆ ನಾಲ್ಕು ಚಿಪ್ಪು, ಬ್ಯಾಟರಿ ಚಾರ್ಜ್ ನೋಡ್ಕೊಳ್ಳೋದೊಂದು, ಟಚ್ ಒಂದು, ಆಡಿಯೋ ಒಂದು, ಸೆನ್ಸರ್ ಒಂದು. ನಾಲ್ಕು ಡ್ರೈವರಲ್ಲೂ ಇಂಟರಪ್ಟ್ (ಏನಂತ ಆಮೇಲೆ ಹೇಳ್ತೀನಿ) ಹ್ಯಾಂಡ್ಲ್ ಮಾಡೋ ನಲವತ್ತು ಸಾಲು ಚಾಚೂ ತಪ್ಪದೆ ಒಂದೇ, ಸ್ಪೆಲಿಂಗ್ ಮಿಸ್ಟೇಕ್ ಸಮೇತ. ಮಧ್ಯದಲ್ಲಿ 10 ಮೈಕ್ರೋಸೆಕೆಂಡ್ ಸುಮ್ನೆ ಕಾಯೋ ಒಂದು ಸಾಲು, ಪಕ್ಕದಲ್ಲಿ "ದಯವಿಟ್ಟು ತೆಗೀಬೇಡಿ" ಅಂತ ಕಮೆಂಟು. ಯಾಕಪ್ಪಾ ಇದು ಅಂತ ಟೀಮಿನ ಹುಡುಗನ್ನ ಕೇಳಿದ್ರೆ, "ಗೊತ್ತಿಲ್ಲ ಸರ್, ಮುಂಚೆಯಿಂದ ಇದೆ."

ಆಯುಧಪೂಜೆ ದಿನ ಸರ್ವರ್ ರ್ಯಾಕಿಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಇಡೋದಕ್ಕೆ ನಂದೇನೂ ತಕರಾರಿಲ್ಲ, ಕಡ್ಲೆಪುರಿ ನಾನೂ ತಿಂತೀನಿ. ನಿಂಬೆಹಣ್ಣಿಂದ ಯಾವ ಬಗ್ಗೂ ಹುಟ್ಟಲ್ಲ. ಈ "ಮುಂಚೆಯಿಂದ ಇದೆ" ಅನ್ನೋದಿದ್ಯಲ್ಲ, ಅದು ಮಾತ್ರ ಮೂಢನಂಬಿಕೆ.

ಸರಿ, ಇಂಟರಪ್ಟ್ ಅಂದ್ರೆ ಪ್ರೊಸೆಸರ್ ತನ್ನ ಪಾಡಿಗೆ ಕೆಲಸ ಮಾಡ್ತಿರೋವಾಗ ಕೀಬೋರ್ಡೋ ಡಿಸ್ಕೋ "ಸ್ವಲ್ಪ ಇಲ್ಲಿ ನೋಡು" ಅಂತ ಕರೆಯೋದು, ಅಷ್ಟೇ. ಮಜಾ ಇರೋದು ಕರೆದ ಮೇಲೆ ಏನಾಗತ್ತೆ ಅನ್ನೋದ್ರಲ್ಲಿ. ಮಲ್ಲೇಶ್ವರದ ಕಡೆ ಹಳೇ ವಠಾರಗಳಿದ್ವಲ್ಲ, ಉದ್ದಕ್ಕೆ ಆರೇಳು ಮನೆ, ಮುಂದೆ ಒಂದೇ ಗೇಟು. ಆ ಗೇಟಿಗೆ ಒಂದೇ ಕಾಲಿಂಗ್ ಬೆಲ್ ಇದೆ ಅಂದ್ಕೊಳಿ. ಬೆಲ್ ಹೊಡೀತು, ಯಾರ ಮನೆಗೆ ಬಂದಿದಾರೆ? ಗೊತ್ತಾಗಲ್ಲ, ಹಾಗಾಗಿ ಪ್ರತಿ ಮನೆಯವರೂ ಬಾಗಿಲಿಗೆ ಬಂದು ಇಣುಕಿ ನಮ್ಮೋರಾ ಅಲ್ವಾ ಅಂತ ನೋಡ್ಬೇಕು. ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಮಾಡೋದೂ ಇದನ್ನೇ. ಒಂದು ಲೈನ್, ಅಂದ್ರೆ ಒಂದೇ ಬೆಲ್ ವೈರ್, ಹಂಚ್ಕೊಂಡಿರೋ ಡ್ರೈವರ್‌ಗಳ ಪಟ್ಟಿ ಇಟ್ಕೊಂಡು ಒಬ್ಬೊಬ್ರನ್ನೇ ಕೇಳತ್ತೆ, ಪ್ರತಿ ಡ್ರೈವರೂ ಏನಾಯ್ತು ಅಂತ ತನ್ನ ಚಿಪ್ಪು ಗುರುತು ಹಾಕಿಡೋ ಸ್ಟೇಟಸ್ ರಿಜಿಸ್ಟರ್ ಓದಿ "ನಂದು" ಅಥವಾ "ನಂದಲ್ಲ" ಅನ್ಬೇಕು. ಮೊದಲನೇ ಮನೆಯವರು ನಮ್ಮೋರೇ ಅಂದ್ರೂ ಕೇಳೋದು ನಿಲ್ಲಲ್ಲ, ಯಾಕಂದ್ರೆ ಗೇಟ್ ಹತ್ರ ಇಬ್ರು ನಿಂತಿರಬಹುದು, ಹಾಲಿನವನೂ ಪೇಪರಿನವನೂ.

ಎಲ್ರೂ ನಂದಲ್ಲ ಅಂದ್ಬಿಟ್ರೆ? ಲಿನಕ್ಸ್ ಲೆಕ್ಕ ಇಡತ್ತೆ. 1,00,000 ಸಲ ಬೆಲ್ ಆಗಿ ಅದ್ರಲ್ಲಿ 99,900ಕ್ಕಿಂತ ಜಾಸ್ತಿ ಸಲ ಯಾರೂ ಒಪ್ಕೊಳ್ಳದಿದ್ರೆ "ನೋಬಡಿ ಕೇರ್ಡ್" ಅಂತ ಒಂದು ಮೆಸೇಜ್ ಬರೆದು ಬೆಲ್ ವೈರನ್ನೇ ಕಿತ್ತಾಕತ್ತೆ. ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲಿ ನಂಗೆ ತುಂಬಾ ಇಷ್ಟವಾದ ಮೆಸೇಜ್ ಇದು, ವಠಾರದ ಅಜ್ಜಿ ಗೊಣಗಿದ ಹಾಗೆ ಕೇಳತ್ತೆ.

ಇನ್ನೊಂದು ಸೂಕ್ಷ್ಮ ಇದೆ, ಇದನ್ನ ಬಿಡಕ್ಕೆ ಮನಸ್ಸು ಬರಲ್ಲ. ಕರೆಯೋದ್ರಲ್ಲಿ ಎರಡು ಥರ. ಕುಕ್ಕರ್ ವಿಷಲ್ ಒಂದು ಥರ, ಕೂಗಿ ಸುಮ್ನಾಗತ್ತೆ, ನೀವು ಫೋನಲ್ಲಿದ್ದು ಕೇಳಿಸ್ಕೊಂಡಿಲ್ಲ ಅಂದ್ರೆ ಮೂರಾಯ್ತಾ ನಾಲ್ಕಾಯ್ತಾ ಅಂತ ಲೆಕ್ಕ ತಪ್ಪತ್ತೆ, ಬೇಳೆ ಕರಗಿ ಹೋಗತ್ತೆ. ಇದು ಎಡ್ಜ್. ಹಾಲು ಉಕ್ಕೋದು ಇನ್ನೊಂದು ಥರ, ನೀವು ಬಂದು ಗ್ಯಾಸ್ ಆರಿಸೋ ತನಕ ಉಕ್ತಾನೇ ಇರತ್ತೆ, ನೋಡ್ಲಿಲ್ಲ ಅನ್ನೋ ಹಾಗೇ ಇಲ್ಲ. ಇದು ಲೆವೆಲ್. ವಠಾರದ ಬೆಲ್ಲಲ್ಲೇ ಹೇಳೋದಾದ್ರೆ ಒಂದ್ಸಲ ಒತ್ತಿ ಬಿಡೋದು ಎಡ್ಜ್, ಬಾಗಿಲು ತೆಗೆಯೋವರ್ಗೂ ಬೆರಳಿಟ್ಕೊಂಡೇ ನಿಲ್ಲೋದು ಲೆವೆಲ್. ವಿಷಲ್ ಥರದ್ದಕ್ಕೆ ಬೇಗ "ಕೇಳಿಸ್ತು" ಅಂತ ಹೇಳಿ ಮುಂದಿನ ವಿಷಲ್‌ಗೆ ಕಿವಿ ತೆರೆದಿಟ್ಕೋಬೇಕು, ಹಾಲಿನ ಥರದ್ದಕ್ಕೆ ಮೊದ್ಲು ಬೆಲ್ ಬಾಯಿ ಮುಚ್ಚಿಸಿ, ಕಾರಣ ಸರಿಮಾಡಿ, ಆಮೇಲೆ ಬಿಡಬೇಕು. ಕಾರಣ ಸರಿಮಾಡದೆ ಬಾಯಿ ಬಿಟ್ರೆ ಅದು ಮತ್ತೆ ಕಿರುಚತ್ತೆ, ಮತ್ತೆ ಓಡ್ತೀರ, ಮತ್ತೆ ಕಿರುಚತ್ತೆ, ಪ್ರೊಸೆಸರ್ ಪೂರ್ತಿ ಅದ್ರಲ್ಲೇ ಮುಳುಗಿ ಸಿಸ್ಟಮ್ ಹ್ಯಾಂಗ್. ಜನ ವೈರಸ್ ಅಂತಾರೆ.

ಹಂಚ್ಕೊಳ್ಳೋದು ಯಾಕೆ ಬೇಕಿತ್ತು ಅಂದ್ರೆ ಲೈನೇ ಕಮ್ಮಿ ಇದ್ವು. 1981ರ ಐಬಿಎಂ ಪಿಸಿಯಲ್ಲಿ ಇಂಟೆಲ್ 8259 ಅನ್ನೋ ಒಂದು ಚಿಪ್ಪು, 8 ಲೈನು. 1984ರ ಪಿಸಿ-ಎಟಿಯಲ್ಲಿ ಅಂಥವೇ ಎರಡು, ಆದ್ರೆ ಒಂದನ್ನ ಇನ್ನೊಂದಕ್ಕೆ ಜೋಡಿಸೋಕೆ ಒಂದು ಲೈನ್ ಹೋಗಿ ಉಳಿದಿದ್ದು 15. ಅವತ್ತು ಪಿಸಿಗೆ ಚುಚ್ತಿದ್ದ ಐಎಸ್‌ಎ ಕಾರ್ಡುಗಳು ಎಡ್ಜ್ ಥರದ್ದು, ಒಂದೇ ಲೈನಲ್ಲಿ ಇಬ್ರು ಕೂರಕ್ಕಾಗ್ತಿರ್ಲಿಲ್ಲ. ತೊಂಬತ್ತರ ದಶಕದಲ್ಲಿ ಎಸ್‌ಪಿ ರೋಡಲ್ಲಿ ಕಂಪ್ಯೂಟರ್ ಅಸೆಂಬ್ಲ್ ಮಾಡಿಸಿದೋರಿಗೆ ನೆನಪಿರತ್ತೆ, ಸೌಂಡ್ ಕಾರ್ಡಿನ ಜಂಪರ್ 5ನೇ ಲೈನಿಗೆ ಹಾಕೋದಾ 7ಕ್ಕೆ ಹಾಕೋದಾ, 7ಕ್ಕೆ ಹಾಕಿದ್ರೆ ಪ್ರಿಂಟರ್ ಜತೆ ಜಗಳ. 1992ರಲ್ಲಿ ಪಿಸಿಐ ಅನ್ನೋ ಹೊಸ ಥರದ ಕಾರ್ಡು ಬಂದು ಲೆವೆಲ್ ಥರ ಮಾಡಿದ್ಮೇಲೆ ವಠಾರ ಶುರುವಾಯ್ತು.

ಇಂಟರಪ್ಟ್‌ಗೆ ಹೆದರೋದೇನೂ ದಡ್ಡತನ ಅಲ್ಲ ಬಿಡಿ. ಹಾಲೆಂಡಿನ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ, ಎಲೆಕ್ಟ್ರೊಲಾಜಿಕಾ ಎಕ್ಸ್1 ಮೆಷಿನ್ನಿಗೆ ಇಂಟರಪ್ಟ್ ಹ್ಯಾಂಡ್ಲರ್ ಬರೆದು 1959ರಲ್ಲಿ ಅದರ ಮೇಲೇ ಡಾಕ್ಟರೇಟ್ ತಗೊಂಡೋರು, ಮೊದ್ಲು ಇದು ಬೇಕಾ ಅಂತ ಗಾಬರಿಬಿದ್ದಿದ್ರು, ಯಾಕಂದ್ರೆ ಯಾವ ಕ್ಷಣದಲ್ಲಿ ಬರತ್ತೆ ಗೊತ್ತಿಲ್ಲದ್ದು ಮಾಡೋ ತಪ್ಪು ಮತ್ತೆ ಬೇಕಂದಾಗ ಕೈಗೆ ಸಿಗಲ್ಲ. ಹೆದರಿದ ಮನುಷ್ಯ ಕೂತು ಯೋಚ್ನೆ ಮಾಡಿ ಒಂದ್ಸಲ ಸರಿಯಾಗಿ ಬರೆದ್ರು. ನಾವು ಹೆದರಿ ಕಾಪಿ ಹೊಡಿತೀವಿ.

ಲಿನಕ್ಸಲ್ಲೂ ಈ ಕೆಲಸ ನಡೆದಿದೆ. ಮೊದ್ಲು ಎಲ್ಲಾ ಥರದ ಇಂಟರಪ್ಟ್‌ನೂ ನುಂಗೋ ಒಂದೇ ದೊಡ್ಡ ಫಂಕ್ಷನ್ ಇತ್ತು. ಎಆರ್‌ಎಂ ಪ್ರೊಸೆಸರ್ ಕಡೆ ರಸೆಲ್ ಕಿಂಗ್ ಅದನ್ನ ಎಡ್ಜ್, ಲೆವೆಲ್ ಅಂತ ಬೇರೆ ಬೇರೆ ಮಾಡಿದ್ರು, ಆ ಐಡಿಯಾನೇ ಇಟ್ಕೊಂಡು ಥಾಮಸ್ ಗ್ಲೀಕ್ಸ್‌ನರ್, ಇಂಗೊ ಮೋಲ್ನಾರ್ ಎಲ್ಲಾ ಪ್ರೊಸೆಸರ್‌ಗೂ ಒಂದೇ ಪದರ ಕಟ್ಟಿದ್ರು, 2006ರಲ್ಲಿ ಕರ್ನೆಲ್ 2.6.18 ಜತೆ ಬಂತು. ಬಾಯಿ ಮುಚ್ಚಿಸು, ಕೇಳಿಸ್ತು ಅನ್ನು, ಬಾಯಿ ಬಿಡು, ಇಷ್ಟನ್ನ ಪ್ರತಿ ಹಾರ್ಡ್‌ವೇರೂ ತನ್ನ ಭಾಷೇಲಿ ಹೇಳ್ಕೊಟ್ರೆ ಸಾಕು, ಯಾವುದಾದ್ಮೇಲೆ ಯಾವುದು ಅನ್ನೋದನ್ನ ಕಾಮನ್ ಕೋಡ್ ನೋಡ್ಕೊಳತ್ತೆ. ಅದ್ರ ಮೇಲೆ 2011ರಲ್ಲಿ ಮಾರ್ಕ್ ಬ್ರೌನ್ ಬರೆದ ರೆಗ್‌ಮ್ಯಾಪ್ ಐಆರ್‌ಕ್ಯೂ ಅನ್ನೋ ಕಾಮನ್ ಕೋಡ್ ಬಂತು, ನಮ್ಮ ನಾಲ್ಕು ಚಿಪ್ಪಿನಂಥವಕ್ಕೇ ಹೇಳಿ ಮಾಡಿಸಿದ್ದು. ಸ್ಟೇಟಸ್ ಎಲ್ಲಿದೆ, ಬಾಯಿ ಮುಚ್ಚಿಸೋ ಮಾಸ್ಕ್ ಎಲ್ಲಿದೆ, ಯಾವ ಬಿಟ್ಟು ಯಾವ ಘಟನೆ ಅಂತ ಒಂದು ಟೇಬಲ್ ತುಂಬಿಸಿ ಕೊಡಿ, ನಲವತ್ತು ಸಾಲು ಬರೆಯೋ ಕೆಲಸನೇ ಇಲ್ಲ.

ಈಗ ಆ 10 ಮೈಕ್ರೋಸೆಕೆಂಡ್ ಕತೆ. ಹುಡುಗನೂ ನಾನೂ ಒಂದು ಮಧ್ಯಾಹ್ನ ಪೂರ್ತಿ ಆಸಿಲೋಸ್ಕೋಪ್ ಹಿಡ್ಕೊಂಡು ಕೂತ್ವಿ. ಕೋಡ್ ಏನ್ ಮಾಡ್ತಿತ್ತು ಅಂದ್ರೆ ಸ್ಟೇಟಸ್ ಓದೋದು, ಕೆಲಸ ಮಾಡೋದು, 10 ಮೈಕ್ರೋಸೆಕೆಂಡ್ ಕಾಯೋದು, ಕೊನೇಲಿ ಸ್ಟೇಟಸ್ಸಿನ ಆ ಗುರುತು, ಅಂದ್ರೆ ಬಿಟ್, ಅಳಿಸೋದು. ಕೆಲಸಕ್ಕೂ ಅಳಿಸೋದಕ್ಕೂ ಮಧ್ಯೆ ಅದೇ ಘಟನೆ ಇನ್ನೊಂದ್ಸಲ ಆದ್ರೆ, ಅಳಿಸೋವಾಗ ಹೊಸದೂ ಒಟ್ಟಿಗೆ ಅಳಿದು ಹೋಗ್ತಿತ್ತು. ಬೆರಳೆತ್ತಿದ್ದು ಟಚ್‌ಗೆ ಗೊತ್ತೇ ಆಗದೆ ಸ್ಕ್ರೀನ್ ಒತ್ತಿದ ಹಾಗೇ ಇರೋದು, ವಾರಕ್ಕೊಂದ್ಸಲವೋ ಎರಡ್ಸಲವೋ. ಯಾರೋ ಒಬ್ರು ಹಿಂದೆ ಯಾವ್ದೋ ನಿಧಾನದ ಚಿಪ್ಪಿಗೆ ಹಾಕಿದ್ದ ಕಾಯೋ ಸಾಲು ಈ ಸಂದಿಯನ್ನ ಇನ್ನಷ್ಟು ಅಗಲ ಮಾಡಿತ್ತು. ಕಾಮನ್ ಕೋಡ್ ತೆಗೆದು ನೋಡಿದ್ರೆ ಅಲ್ಲಿ ಮೊದ್ಲು ಅಳಿಸಿ ಆಮೇಲೆ ಕೆಲಸ, ಯಾಕೆ ಅಂತ ಕಮೆಂಟಲ್ಲೇ ಇದೆ, ಇವೆರಡರ ಮಧ್ಯೆ ರೇಸ್, ಅಂದ್ರೆ ಯಾವುದು ಮೊದ್ಲು ಅನ್ನೋ ಪೈಪೋಟಿ, ಆಗಬಾರದು ಅಂತ. ನಮಗೆ ಕಾಪಿ ಹೊಡಿಯೋಕಾದ್ರೂ ಸರಿಯಾದ ಮನೆ ಸಿಕ್ಕಿರ್ಲಿಲ್ಲ.

ಮೂರು ಡ್ರೈವರ್ ಅದೇ ವಾರ ಟೇಬಲ್ ಆದ್ವು. ನಾಲ್ಕನೇದು, ಸೆನ್ಸರ್ದು, ಓದಿದ ತಕ್ಷಣ ತಾನೇ ಅಳಿಸ್ಕೊಳ್ಳೋ ವಿಚಿತ್ರ ಚಿಪ್ಪು, ಜತೆಗೆ ಸ್ಟೇಟಸ್ಸನ್ನ ಡೇಟಾ ಜತೆ ಒಂದೇ ಏಟಿಗೆ ಓದ್ಬೇಕು, ಹಾಗಾಗಿ ಟೇಬಲ್ಲಲ್ಲಿ ಕೂರ್ಲಿಲ್ಲ. ಅದಕ್ಕೆ ಹುಡುಗ ಕೈಯಾರೆ ಬೇರೆ ಹ್ಯಾಂಡ್ಲರ್ ಬರೆದ, ಹನ್ನೊಂದು ಸಾಲು. ಕಾಯೋ ಸಾಲು ತೆಗೆಯೋ ಮುಂಚೆ ಮಾತ್ರ ನನ್ನ ಮುಖ ನೋಡಿದ. "ತೆಗೀಲಾ ಸರ್?"

"ತೆಗಿಯಪ್ಪ."