ಪೋಸ್ಟರಿನಲ್ಲಿ ಮಧ್ಯಾಹ್ನ 2 ಅಂತಿದೆ, ನಿಜಕ್ಕೂ ಎಷ್ಟು ಗಂಟೆಗೆ ಹೋಗಬೇಕು?

ಪ್ರಶ್ನೆ: ಕೆಲಸದ ಮೇಲೆ ನೈರೋಬಿಗೆ ಬಂದಿದ್ದೇವೆ. ಭಾನುವಾರ ಬಯಲಿನಲ್ಲಿ ಒಂದು ದೊಡ್ಡ ಸಂಗೀತ ಕಾರ್ಯಕ್ರಮ ಇದೆ, ಟಿಕೆಟ್ ಮೇಲೆ 2 ಗಂಟೆ ಅಂತಿದೆ. ಇಲ್ಲಿ ಯಾವುದೂ ಹೊತ್ತಿಗೆ ಸರಿಯಾಗಿ ಶುರುವಾಗಲ್ಲ, ಆರಕ್ಕೆ ಹೋದರೆ ಧಾರಾಳ ಅಂತಾರೆ ಆಫೀಸಿನವರು. ಹೌದಾ?

ಉತ್ತರ: ಅಲ್ಲ. ಮೂರರೊಳಗೆ ಗೇಟು ದಾಟಿರಿ. ಜಾಕೆಟ್ ತಗೊಂಡು ಹೋಗಿ. ಟಿಕೆಟ್ಟಿನ ಕ್ಯೂಆರ್ ಕೋಡನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಇದೇ ಪ್ರಶ್ನೆಗೆ ಇದೇ ಉತ್ತರ ಎಷ್ಟು ಸಲ ಕೊಟ್ಟರೂ ಕೊನೆಗೆ "ಆದರೂ ಆಫ್ರಿಕನ್ ಟೈಮ್ ಅಲ್ವಾ?" ಅಂತ ಒಂದು ಬಾಲ ಬಂದೇ ಬರುತ್ತದೆ. ಆಫ್ರಿಕಾದವರೆಲ್ಲ ಹುಟ್ಟಿನಿಂದಲೇ ತಡ ಅನ್ನುವ ಅಣಕ ಅದು. ಮುಂದಿನದು ಆ ಬಾಲಕ್ಕೆ.

ಮೊದಲಿಗೆ, ಪೋಸ್ಟರಿನ 2 ಗಂಟೆ ಗೇಟು ತೆಗೆಯುವ ಹೊತ್ತು. ಮುಖ್ಯ ಗಾಯಕರು ವೇದಿಕೆ ಹತ್ತುವ ಹೊತ್ತಲ್ಲ, ಹಾಗಂತ ಯಾರೂ ಹೇಳಿಯೂ ಇಲ್ಲ. ದಿನವಿಡೀ ನಡೆಯುವ ಕಾರ್ಯಕ್ರಮದಲ್ಲಿ ಸಾಮಾನ್ಯವಾಗಿ ಮೊದಲು ಡಿಜೆ, ಆಮೇಲೆ ಸಣ್ಣ ಬ್ಯಾಂಡುಗಳು, ಕತ್ತಲಾದ ಮೇಲೆ ದೊಡ್ಡ ಹೆಸರು. ನಮ್ಮಲ್ಲಿ ಆರತಕ್ಷತೆ 6.30ರಿಂದ ಅಂತ ಕರೆಯೋಲೆಯಲ್ಲಿ ಹಾಕಿದ್ದರೆ ಊಟದ ಎಲೆಯೂ 6.30ಕ್ಕೇ ಬಿದ್ದಿರುತ್ತೆ ಅಂತ ಯಾರಾದರೂ ಅಂದುಕೊಳ್ತಾರಾ? ಎಲೆ ಒಂಬತ್ತಕ್ಕೆ ಬಿತ್ತು ಅಂತ ಇಡೀ ಖಂಡಕ್ಕೆ ಅಡ್ಡಹೆಸರು ಇಡುವುದೂ ಇಲ್ಲ.

ಎರಡನೆಯದು ಇಲ್ಲಿಯ ಭಾಷೆಯಾದ ಸ್ವಾಹಿಲಿಯ ಗಡಿಯಾರ. ಹೊಸದಾಗಿ ಬಂದವರಲ್ಲಿ ಅರ್ಧ ಜನ ಎಡವುವುದು ಇಲ್ಲೇ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಬೆಳಗಾದಲ್ಲಿಂದ. ಬೆಳಗಿನ 7 ಅವರಿಗೆ ‘ಸಾ ಮೋಜಾ’, ಅಂದರೆ ಒಂದು ಗಂಟೆ. ಮಧ್ಯಾಹ್ನ 12 ‘ಸಾ ಸಿಟಾ’, ಆರು ಗಂಟೆ. ಮಧ್ಯಾಹ್ನ 2 ‘ಸಾ ನಾನೆ’, ಎಂಟು ಗಂಟೆ. ಗಡಿಯಾರದ ಮುಳ್ಳಿಗೂ ಬಾಯಿಮಾತಿಗೂ ಯಾವಾಗಲೂ ಆರರ ಅಂತರ. ರೇಡಿಯೊದಲ್ಲಿ ‘ಸಾ ನಾನೆ’ ಅಂತ ಕೇಳಿ, ನಾನೆ ಅಂದರೆ ಎಂಟು ಅಂತ ಹೊಸದಾಗಿ ಕಲಿತ ಹುರುಪಿನಲ್ಲಿ ರಾತ್ರಿ 8ಕ್ಕೆ ಹೋದವರು ಆರು ಗಂಟೆ ತಡವಾಗಿರುತ್ತಾರೆ, ಬೈಯುವುದು ಮಾತ್ರ ಕೀನ್ಯಾದವರನ್ನು. ಪಂಚಾಂಗದ ಗಳಿಗೆ ಲೆಕ್ಕ ಗೊತ್ತಿರುವವರಿಗೆ ಇದರಲ್ಲಿ ವಿಚಿತ್ರ ಏನೂ ಕಾಣಬಾರದು, ನಾವೂ ಉದಯದಿಂದಲೇ ಎಣಿಸುತ್ತಿದ್ದವರು. ನೈರೋಬಿ ಭೂಮಧ್ಯರೇಖೆಯಿಂದ ಬರೀ ಒಂದೂಕಾಲು ಡಿಗ್ರಿ ದಕ್ಷಿಣಕ್ಕಿದೆ. ವರ್ಷದ ಯಾವ ತಿಂಗಳಾದರೂ ಸೂರ್ಯ ಹುಟ್ಟುವುದೂ ಮುಳುಗುವುದೂ ಆರೂವರೆಯ ಆಚೀಚೆ, ಹಾಗಾಗಿ ಈ ಲೆಕ್ಕ ಎಂದೂ ಕೈಕೊಡುವುದಿಲ್ಲ. ಅಂಕಿಯಲ್ಲಿ ಅಚ್ಚಾಗಿದ್ದರೆ ನಿಮ್ಮ ಗಡಿಯಾರದ ಗಂಟೆ, ಸ್ವಾಹಿಲಿಯಲ್ಲಿ ಬಾಯಲ್ಲಿ ಹೇಳಿದರೆ ಆರರ ಲೆಕ್ಕ ಹಾಕಿ. ಅನುಮಾನ ಬಂದರೆ ‘ಮ್ಚಾನಾ’ ಅಂದರಾ ‘ಉಸಿಕು’ ಅಂದರಾ ಕೇಳಿ. ಹಗಲು, ರಾತ್ರಿ.

ಈಗ ಗೇಟಿನ ಗಣಿತ. ಬ್ಯಾಗು ತೆರೆಸಿ, ಮೈ ತಡವಿ, ಕ್ಯೂಆರ್ ಸ್ಕ್ಯಾನ್ ಮಾಡಿ, ಕೈಗೆ ಪಟ್ಟಿ ಕಟ್ಟುವುದಕ್ಕೆ ಒಬ್ಬರಿಗೆ ಹತ್ತು ಸೆಕೆಂಡ್ ಅಂತಿಟ್ಟುಕೊಳ್ಳಿ. ಅದೂ ಎಲ್ಲ ಸರಿಯಾಗಿ ನಡೆದರೆ. ಒಂದು ಸಾಲಿನಲ್ಲಿ ನಿಮಿಷಕ್ಕೆ 6 ಜನ, ಗಂಟೆಗೆ 360. ನಾಲ್ಕು ಸಾಲಿದ್ದರೆ 1,440. ಐದು ಸಾವಿರ ಜನರೂ ಜಾಣರಾಗಿ ಆರಕ್ಕೇ ಬಂದರೆ ಕೊನೆಯವರು ಒಳಗೆ ಹೋಗುವಾಗ ಒಂಬತ್ತೂವರೆ. ಸಾಲಿನಲ್ಲಿ ನಿಂತೇ ಅರ್ಧ ಕಾರ್ಯಕ್ರಮ ಕೇಳಿದವರು "ನೋಡಿದ್ರಾ, ಇವರದ್ದೆಲ್ಲ ತಡ" ಅನ್ನುತ್ತಾರೆ. ಸಾಲನ್ನು ಉದ್ದ ಮಾಡಿದ್ದು ಆರಕ್ಕೆ ಬಂದ ಅವರೇ.

ಜಾಣರು ಮರೆಯುವ ಇನ್ನೊಂದು ವಿಷಯ ಇದೆ. ಶುರು ಎಷ್ಟು ಬೇಕಾದರೂ ಜಗ್ಗಬಹುದು, ಮುಕ್ತಾಯ ಜಗ್ಗುವುದಿಲ್ಲ. ಕೀನ್ಯಾದ 2009ರ ಶಬ್ದ ನಿಯಂತ್ರಣ ನಿಯಮಗಳ ಪ್ರಕಾರ ಮನೆಗಳೂ ಮನರಂಜನೆಯೂ ಬೆರೆತಿರುವ ಕಡೆ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 35. ರಾತ್ರಿಯ ಲೆಕ್ಕ ಶುರುವಾಗುವುದು 8ಕ್ಕೆ. 35 ಅಂದರೆ ಪಿಸುಮಾತಿಗಿಂತ ಒಂದು ಚೂರು ಮೇಲೆ. ಬಯಲಿನಲ್ಲಿ ಸ್ಪೀಕರಿನಿಂದ ದೂರ ಇಮ್ಮಡಿಯಾದಾಗೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 10 ಮೀಟರಿನಲ್ಲಿ 100 ಇದ್ದದ್ದು 160 ಮೀಟರ್ ಆಚೆಯ ಮನೆಯ ಕಿಟಕಿಗೆ ಬರುವಾಗಲೂ 76 ಇರುತ್ತದೆ. ಅಂದರೆ ವಿಶೇಷ ಅನುಮತಿ ಇಲ್ಲದೆ ಯಾವ ಬ್ಯಾಂಡೂ ಕಾನೂನಿನೊಳಗೆ ನುಡಿಸಲಾರದು. ಆ ಅನುಮತಿಯಲ್ಲಿ ಮುಗಿಸುವ ಹೊತ್ತೂ ಇರುತ್ತದೆ. 2022ರ ಕೊನೆಯಲ್ಲಿ ನೈರೋಬಿ ಗವರ್ನರ್ ಜಾನ್ಸನ್ ಸಕಾಜಾ ವಸತಿ ಪ್ರದೇಶದ ನೈಟ್‌ಕ್ಲಬ್ಬುಗಳ ಪರವಾನಗಿ ರದ್ದು ಅಂತ ಆದೇಶ ಹೊರಡಿಸಿದವರು, ಅಕ್ಕಪಕ್ಕದವರ ದೂರನ್ನು ಹಗುರವಾಗಿ ತಗೊಳ್ಳುವ ಕಾಲ ಅಲ್ಲ ಇದು. ಮುಗಿಸುವ ಹೊತ್ತು ಗಟ್ಟಿ ಇರುವಾಗ ಒಂದು ಗಂಟೆ ತಡವಾದರೆ ಆ ಗಂಟೆಯನ್ನು ಎಲ್ಲಿಂದಲೋ ಕಡಿಯಬೇಕು. ಕಡಿಯುವುದು ನಡುವಿನ ಬ್ಯಾಂಡುಗಳಿಂದ. 45 ನಿಮಿಷ ಇದ್ದವರಿಗೆ 20 ಸಿಗುತ್ತದೆ. ಆರಕ್ಕೆ ಬಂದ ಜಾಣರು ದುಡ್ಡು ಕೊಟ್ಟು ಕಳೆದುಕೊಂಡದ್ದು ಅದನ್ನೇ.

ತಡ ಆಗುವುದೇ ಇಲ್ಲ ಅಂತ ಹೇಳುತ್ತಿಲ್ಲ. ಆಗುತ್ತದೆ. ಆದರೆ ಕಾರಣ ರಕ್ತದಲ್ಲಿ ಇಲ್ಲ, ವೇದಿಕೆ ಮೇಲಿದೆ. ಸೌಂಡ್‌ಚೆಕ್ (ಮೈಕು, ವಾದ್ಯಗಳ ಧ್ವನಿ ಪರೀಕ್ಷೆ) ಹಿಂದುಮುಂದಾಗಿ ನಡೆಯಬೇಕು: ಕೊನೆಗೆ ಹಾಡುವವರದ್ದು ಮೊದಲು, ಮೊದಲು ಹಾಡುವವರದ್ದು ಕೊನೆಗೆ. ಹಾಗೆ ಮಾಡಿದರೆ ಗೇಟು ತೆಗೆಯುವಾಗ ವೇದಿಕೆ ಮೊದಲ ಬ್ಯಾಂಡಿಗೆ ಸಿದ್ಧವಾಗಿ ನಿಂತಿರುತ್ತದೆ. ದೊಡ್ಡ ಹೆಸರಿನವರು ಬೆಳಗ್ಗೆ ಹತ್ತಕ್ಕೆ ಬರುವ ಬದಲು ಒಂದಕ್ಕೆ ಬಂದರೆ ಇಡೀ ಸರಪಳಿ ಜಾರುತ್ತದೆ. ಎಲ್ಲ ಬ್ಯಾಂಡುಗಳೂ ಒಂದೇ ಡ್ರಮ್ ಸೆಟ್, ಒಂದೇ ಬೇಸ್ ಆಂಪ್ ಬಳಸಲು ಒಪ್ಪಿದರೆ ಒಂದು ತಂಡ ಇಳಿದು ಇನ್ನೊಂದು ಹತ್ತಲು 15 ನಿಮಿಷ ಸಾಕು. ಅವರವರ ಡ್ರಮ್ ಅವರವರೇ ತಂದರೆ 40. ಆರು ಬ್ಯಾಂಡಿಗೆ ಐದು ಸಲ ಬದಲಾವಣೆ, ಅಂದರೆ ಎರಡು ಗಂಟೆ ಅಲ್ಲೇ ಹೋಯಿತು.

ಜನರೇಟರ್ ಇನ್ನೊಂದು. ಡೀಸೆಲ್ ಮುಗಿದು ನಿಂತದ್ದಕ್ಕಿಂತ ಹೆಚ್ಚಾಗಿ ಆಗುವ ಅನಾಹುತ ಬೇರೆ: ಆಲೂಗಡ್ಡೆ ಚಿಪ್ಸ್ ಅಂಗಡಿಯವರು ತಮ್ಮ ಫ್ರೈಯರನ್ನು ಸೌಂಡಿನ ಫೇಸಿಗೇ ಚುಚ್ಚುತ್ತಾರೆ. ಫ್ರೈಯರ್ ಕಾಯಲು ಶುರುವಾದ ಕ್ಷಣ ವೋಲ್ಟೇಜ್ ಕುಸಿಯುತ್ತದೆ, ಡಿಜಿಟಲ್ ಮಿಕ್ಸರ್ ಆರಿ ಮತ್ತೆ ಏಳಲು ಎರಡು ಮೂರು ನಿಮಿಷ. ಅಷ್ಟು ಹೊತ್ತು ನಿರೂಪಕರು ಒಣ ಗಂಟಲಲ್ಲಿ ಕೂಗುತ್ತಿರಬೇಕು. ಸೌಂಡಿಗೆ ಒಂದು ಫೇಸ್, ಲೈಟಿಗೆ ಇನ್ನೊಂದು, ಅಂಗಡಿಗಳಿಗೆ ಮೂರನೆಯದು. ಆಗುವುದಾದರೆ ಅಂಗಡಿಗಳಿಗೆ ಬೇರೆ ಜನರೇಟರೇ ಇರಲಿ. ಎಷ್ಟು ಸಲ ಹೇಳಿದರೂ ಇದೊಂದು ಕೇಳುವವರಿಲ್ಲ.

ಹೊತ್ತಿಗೆ ಸರಿಯಾಗಿ ಶುರುವಾಗುವ ಜಾಗ ಇಲ್ಲವೇ ಅಂದರೆ, ಇವೆ. ಕೀನ್ಯಾ ನ್ಯಾಷನಲ್ ಥಿಯೇಟರ್, ಫ್ರೆಂಚ್ ಸಂಸ್ಕೃತಿ ಕೇಂದ್ರವಾದ ಅಲಿಯಾನ್ಸ್ ಫ್ರಾನ್ಸೇಸ್‌ನಂಥ ಕಡೆ ಕುರ್ಚಿ ಹಾಕಿ ಕೂರಿಸುವ ಕಛೇರಿಗೆ ಹತ್ತು ನಿಮಿಷ ಮುಂಚೆ ಹೋಗಿ. ಗಾಯಕಿ ಮುಥೋನಿ ಡ್ರಮ್ಮರ್ ಕ್ವೀನ್ 2008ರಲ್ಲಿ ಶುರು ಮಾಡಿದ ‘ಬ್ಲ್ಯಾಂಕೆಟ್ಸ್ ಅಂಡ್ ವೈನ್’ ಥರದ್ದು ಹುಲ್ಲಿನ ಮೇಲೆ ಹೊದಿಕೆ ಹಾಸಿ ಕೂರುವ ಹಗಲಿನ ಕಾರ್ಯಕ್ರಮ. ಅಲ್ಲಿ ಬೇಗ ಬಂದವರಿಗೆ ನೆರಳು, ತಡವಾಗಿ ಬಂದವರಿಗೆ ಬಿಸಿಲು ಮತ್ತು ಬೇರೆಯವರ ಬೆನ್ನು. ಇದಕ್ಕೆ ಪೂರಾ ಉಲ್ಟಾ ಮುಗಿಥಿ ರಾತ್ರಿಗಳು. ಒಬ್ಬರೇ ಗಿಟಾರ್ ಹಿಡಿದು, ಪಕ್ಕದಲ್ಲಿ ತಾಳದ ಯಂತ್ರ ಇಟ್ಟುಕೊಂಡು ಕಿಕುಯು ಭಾಷೆಯ ಹಾಡುಗಳನ್ನು ಒಂದರ ಬಾಲಕ್ಕೆ ಒಂದು ಕಟ್ಟುತ್ತ ಹೋಗುತ್ತಾರೆ. ಮುಗಿಥಿ ಅಂದರೆ ರೈಲು. ಮುಂದಿನವರ ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ಬಾರಿನ ಮೇಜುಗಳ ನಡುವೆ ಸುತ್ತುವುದು ಅದರ ಕುಣಿತ. ಇಲ್ಲಿ ಮಾತ್ರ 11ರ ಮೊದಲು ಹೋಗಬೇಡಿ, ಬೋಗಿ ಸೇರಿರುವುದಿಲ್ಲ.

ಉಳಿದದ್ದು ಚುಟುಕಾಗಿ. ನೈರೋಬಿ ಇರುವುದು ಸುಮಾರು 1,700 ಮೀಟರ್ ಎತ್ತರದಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ರಾತ್ರಿ 12 ಡಿಗ್ರಿ ಹತ್ತಿರ ಇಳಿಯುತ್ತದೆ. ದುಡ್ಡೆಲ್ಲ ಎಂ-ಪೆಸಾ, ಅಂದರೆ ಫೋನಿನಿಂದಲೇ ಹಣ ಕಳಿಸುವುದು, ಆದರೆ ಸಾವಿರಾರು ಜನ ಒಂದೇ ಮೈದಾನದಲ್ಲಿ ಸೇರಿದಾಗ ನೆಟ್‌ವರ್ಕ್ ಉಸಿರುಗಟ್ಟುತ್ತದೆ, ಹಣ ಹೋದ ಮೆಸೇಜು ತಡವಾಗಿ ಬರುತ್ತದೆ. ಮೆಸೇಜು ಬರಲಿಲ್ಲ ಅಂತ ಎರಡನೇ ಸಲ ಕಳಿಸಬೇಡಿ. ಕೈಯಲ್ಲಿ ಸಣ್ಣ ನೋಟು ಇರಲಿ. ಪ್ಲಾಸ್ಟಿಕ್ ಕೈಚೀಲ ದೇಶದಲ್ಲೇ 2017ರಿಂದ ನಿಷೇಧ, ಬಟ್ಟೆ ಚೀಲ ಹಿಡಿಯಿರಿ. ಸಸ್ಯಾಹಾರಿಗಳಿಗೆ ಆಲೂಗಡ್ಡೆ ಭಜಿಯಾ, ಚಪಾತಿ ಮತ್ತು ಹುರುಳಿಕಾಯಿ ಬೀಜದ ಪಲ್ಯ ಸಿಗುತ್ತವೆ. ಸಮೋಸಾ ಕಂಡ ಕೂಡಲೇ ಕೈ ಹಾಕಬೇಡಿ, ಅದರಲ್ಲಿ ಸಾಮಾನ್ಯವಾಗಿ ದನದ ಮಾಂಸದ ಖೀಮಾ.

ನೈರೋಬಿಯಲ್ಲೇ ಮಾಡುವ ರಾಜ್ಯೋತ್ಸವಕ್ಕೆ ಇಲ್ಲಿಯ ಬ್ಯಾಂಡೊಂದನ್ನು ಕರೆಸುವ ಯೋಚನೆ ಇದ್ದರೆ ಎರಡೇ ಮಾತು. ನವೆಂಬರ್ ಇಲ್ಲಿ ಸಣ್ಣ ಮಳೆಗಾಲ, ವೇದಿಕೆಗೆ ಮಾಡು ಹಾಕಿಸಿ, ಮಿಕ್ಸರಿಗೂ ಹಾಕಿಸಿ. ಎರಡನೆಯದು, ಕಲಾವಿದರಿಗೆ ಸಂಭಾವನೆ ಕೊಟ್ಟ ಮಾತ್ರಕ್ಕೆ ಹಾಡಿನ ಹಕ್ಕು ಬರುವುದಿಲ್ಲ. ಸಾರ್ವಜನಿಕವಾಗಿ ಹಾಡಿಸಲು, ಧ್ವನಿಮುದ್ರಿಕೆ ನುಡಿಸಲು ಹಕ್ಕುಸ್ವಾಮ್ಯ ಸಂಘಗಳ ಪರವಾನಗಿ ಬೇಕು. ಯಾವ ಸಂಘಕ್ಕೆ ವಸೂಲಿಯ ಅಧಿಕಾರ ಅನ್ನುವುದು ಕೀನ್ಯಾ ಕಾಪಿರೈಟ್ ಬೋರ್ಡ್ ಕೊಡುವ ಲೈಸೆನ್ಸ್ ಮೇಲೆ ನಿಂತಿದೆ. ಅದರ ಜಗಳ ಕೋರ್ಟಿನವರೆಗೂ ಹೋಗಿದೆ. ಬೋರ್ಡಿನ ಪಟ್ಟಿ ನೋಡದೆ, ರಸೀದಿ ಪುಸ್ತಕ ಹಿಡಿದು ಬಂದವರಿಗೆಲ್ಲ ಹಣ ಕೊಡಬೇಡಿ.

ಯಾರೂ ಕೇಳದಿದ್ದರೂ ನ್ಯಾಟಿಟಿ ಅನ್ನುವ ತಂತಿವಾದ್ಯದ ಬಗ್ಗೆ ಹೇಳಲೇಬೇಕು. ಮಧ್ಯಾಹ್ನದ ತಡದಲ್ಲಿ ಅದರ ಪಾಲೂ ಇದೆ, ಆ ತಡ ಮಾತ್ರ ಸಾರ್ಥಕ. ವಿಕ್ಟೋರಿಯಾ ಸರೋವರದ ಕಡೆಯ ಲುವೊ ಜನರ ಎಂಟು ತಂತಿಯ ವಾದ್ಯ ಅದು. ಮರದ ಬೋಗುಣಿಗೆ ಚರ್ಮ ಬಿಗಿದಿರುತ್ತದೆ. ನುಡಿಸುವವರು ಗಿಡ್ಡ ಮಣೆಯ ಮೇಲೆ ಕೂರುತ್ತಾರೆ, ಕಾಲಿನ ಹೆಬ್ಬೆರಳಿಗೆ ಕಬ್ಬಿಣದ ಬಳೆ, ಕಾಲಿಗೆ ಗಾರಾ ಅನ್ನುವ ಗೆಜ್ಜೆ. ಬೆರಳು ತಂತಿ ಮೀಟುತ್ತಿರುವಾಗಲೇ ಹೆಬ್ಬೆರಳ ಬಳೆ ವಾದ್ಯದ ಮರಕ್ಕೆ ಟಕ್ ಟಕ್ ಬಡಿಯುತ್ತ ತಾಳ ಹಿಡಿಯುತ್ತದೆ, ಮೇಲೆ ಹಾಡು. ಒಬ್ಬರೇ ಮೂರು ಜನ. ಕೀನ್ಯಾದ ಜನಪ್ರಿಯ ಕುಣಿತದ ಸಂಗೀತವಾದ ಬೆಂಗಾದ ಗಿಟಾರಿನ ಹರಿತವಾದ ಮೀಟು ಬಂದದ್ದು ಇಂಥ ತಂತಿಗಳಿಂದಲೇ.

ಸೌಂಡಿನವರು ಮಾಡುವ ತಪ್ಪು ಒಂದೇ: ಹಾಡಿಗೆ ಒಂದು ಮೈಕ್, ವಾದ್ಯಕ್ಕೆ ಒಂದು, ಮುಗಿಯಿತು ಅನ್ನುವುದು. ಬಳೆಯ ಪೆಟ್ಟು ಕೇಳಿಸುವುದೇ ಇಲ್ಲ, ಕುಣಿಯುವವರಿಗೆ ಕಾಲಿಡಲು ನೆಲ ಸಿಗುವುದಿಲ್ಲ. ಮೂರು ಮೈಕ್ ಬೇಕು. ತಂತಿಯ ಮುಂದೆ ಒಂದು ಗೇಣು ದೂರದಲ್ಲಿ ಒಂದು, ಕಾಲಿನ ಹತ್ತಿರ ಗಿಡ್ಡ ಸ್ಟ್ಯಾಂಡಿನಲ್ಲಿ ಒಂದು, ಹಾಡಿಗೆ ಒಂದು. ನುಡಿಸುವವರಿಗೇ ಕೇಳಿಸಲು ಇಡುವ ಮಾನಿಟರ್ ಸ್ಪೀಕರನ್ನು ಬೋಗುಣಿಯ ಎದುರಿಗೆ ಇಟ್ಟರೆ ಚರ್ಮ ಅದಕ್ಕೇ ಕಂಪಿಸಿ ಗುಂಯ್ ಅಂತ ಕೂಗುತ್ತದೆ, ಪಕ್ಕಕ್ಕೆ ಸರಿಸಿ. ಕೂತು ನುಡಿಸುವುದರಿಂದ 40 ಸೆಂಟಿಮೀಟರ್ ಎತ್ತರದ ಕಟ್ಟೆ ಬೇಕು, ಇಲ್ಲದಿದ್ದರೆ ಮೂರನೇ ಸಾಲಿನವರಿಗೆ ಟೋಪಿ ಮಾತ್ರ ಕಾಣುತ್ತದೆ. ಇಷ್ಟಕ್ಕೆಲ್ಲ 20 ನಿಮಿಷ ಹಿಡಿಯುವುದರಿಂದ ನ್ಯಾಟಿಟಿಯವರನ್ನು ಬೆಳಕಿರುವಾಗಲೇ, ಮೊದಲನೆಯವರಾಗಿಯೋ ಎರಡನೆಯವರಾಗಿಯೋ ಹತ್ತಿಸುತ್ತಾರೆ. ಮೂರೂವರೆ, ನಾಲ್ಕರ ಹೊತ್ತು.