ಆಫ್ರಿಕಾ ದಡ ಹಿಡ್ಕೊಂಡೇ ಬಂದಿದ್ರೆ ಆಗ್ತಿರ್ಲಿಲ್ವಾ? ಪೋರ್ಚುಗೀಸರಿಗೆ ಅಷ್ಟು ವರ್ಷ ಯಾಕೆ ಹಿಡೀತು

ಓದುಗರ ಪ್ರಶ್ನೆ: ಮ್ಯಾಪ್ ನೋಡಿದ್ರೆ ಮಗೂಗೂ ಗೊತ್ತಾಗತ್ತೆ, ಪೋರ್ಚುಗಲ್‌ನಿಂದ ಆಫ್ರಿಕಾ ದಡದ ಪಕ್ಕದಲ್ಲೇ ಕೆಳಗೆ ಇಳಿದು, ತುದೀಲಿ ತಿರುಗಿಸ್ಕೊಂಡು ಮೇಲೆ ಬಂದ್ರೆ ಇಂಡಿಯಾ. ಇಷ್ಟಕ್ಕೆ ಅವರು ಆಫ್ರಿಕಾದ ಸ್ಯೂಟಾ ಊರು ಗೆದ್ದ 1415ರಿಂದ 1498ರ ತನಕ ಎಂಬತ್ತು ಚಿಲ್ಲರೆ ವರ್ಷ ಯಾಕೆ ಬೇಕಾಯ್ತು?

ಈ ಪ್ರಶ್ನೆ ಯಾರ್ಯಾರೋ ಕೇಳ್ತಾನೇ ಇರ್ತಾರೆ, ಕೇಳೋ ರೀತಿ ಬೇರೆ ಅಷ್ಟೆ. ಒಂದೇ ಮಾತಲ್ಲಿ ಉತ್ತರ ಹೇಳ್ಬೇಕಂದ್ರೆ, ಹೋಗೋದು ಕಷ್ಟ ಇರ್ಲಿಲ್ಲ, ವಾಪಸ್ ಬರೋದು ಕಷ್ಟ ಇತ್ತು. ಮ್ಯಾಪಲ್ಲಿ ನಮಗೆ ಕಾಣೋದು ನೆಲ ಮತ್ತೆ ನೀರು ಮಾತ್ರ, ಗಾಳಿ ಕಾಣಲ್ಲ. ಹಾಯಿ ಹಡಗಿನವನಿಗೆ ಮಾತ್ರ ಗಾಳಿನೇ ರಸ್ತೆ, ಅದೂ ಒನ್‌ವೇ ರಸ್ತೆ.

ಪೋರ್ಚುಗಲ್‌ನಿಂದ ಮೊರಾಕೊ ಕಡೆ ಇಳಿಯೋವಾಗ ಗಾಳಿ ಈಶಾನ್ಯದಿಂದ ಬೀಸತ್ತೆ, ಅಂದ್ರೆ ಬೆನ್ನಿಗೆ. ಅಲ್ಲಿ ದಡದ ಪಕ್ಕ ಕೆನರಿ ಪ್ರವಾಹ ಅಂತ ಇದೆ, ಅದೂ ದಕ್ಷಿಣಕ್ಕೇ ಹರಿಯತ್ತೆ. ಸೈಕಲ್ ತಗೊಂಡು ಆಗುಂಬೆ ಘಾಟಿ ಇಳಿದಂಗೆ, ಪೆಡಲ್ ತುಳಿಯೋದೇ ಬೇಡ, ಕೆಳಗೆ ಸೋಮೇಶ್ವರ ಬಂದ್ಮೇಲೆ ಅಯ್ಯೋ ಮನೆ ಮೇಲಿದೆಯಲ್ಲಾ ಅಂತ ನೆನಪಾಗತ್ತೆ. ಇವತ್ತಿನ ಪಶ್ಚಿಮ ಸಹಾರಾದ ದಡದಲ್ಲಿ ಬೊಜಡೋರ್ ಅಂತ ಒಂದು ಭೂಶಿರ ಇದೆ, ಆ ಕಾಲದ ನಾವಿಕರು ಅಲ್ಲಿಂದ ಮುಂದೆ ಹೋಗಲ್ಲ ಅಂತ ಹಠ ಹಿಡಿದಿದ್ರು. ಆ ಭಯಾನ ನಾವು ಸಾಮಾನ್ಯವಾಗಿ ರಾಕ್ಷಸರು, ಕುದಿಯೋ ಸಮುದ್ರ ಅಂತೆಲ್ಲಾ ತಮಾಷೆ ಮಾಡಿ ಬಿಟ್ಬಿಡ್ತೀವಿ, ಆದ್ರೆ ಅವರ ಚರಿತ್ರೆಕಾರ ಝುರಾರಾ ಬರೆದಿಟ್ಟಿರೋ ಕಾರಣಗಳನ್ನ ನೋಡಿದ್ರೆ ಪಾಪ ಅವರು ಹೇಳಿದ್ದು ಪೂರ್ತಿ ಪ್ರಾಕ್ಟಿಕಲ್ ಮಾತು: ಆ ಕಡೆ ಜನ ಇಲ್ಲ, ನೀರಿಲ್ಲ, ಬರೀ ಮರಳು, ದಡದಿಂದ ಅಷ್ಟು ದೂರ ಬಂದ್ರೂ ಸಮುದ್ರ ಆಳಾನೇ ಇಲ್ಲ, ಹರಿವು ಎಷ್ಟು ಜೋರು ಅಂದ್ರೆ ದಾಟಿದ ಹಡಗು ತಿರುಗಿ ಬರಲ್ಲ. ಕೊನೇ ಮಾತು ಗಮನಿಸಿ, ತಿರುಗಿ ಬರಲ್ಲ.

ರಾಜಕುಮಾರ ಹೆನ್ರಿ ವರ್ಷಗಟ್ಲೆ ಹಡಗು ಕಳಿಸ್ತಾನೇ ಇದ್ದ, ಅವೂ ಅಲ್ಲಿ ತನಕ ಹೋಗಿ ವಾಪಸ್ ಬರ್ತಾನೇ ಇದ್ವು. ಅಂದಹಾಗೆ ಹೆನ್ರಿ ದ ನ್ಯಾವಿಗೇಟರ್ ಅಂತ ಕರೆಸ್ಕೊಳ್ಳೋ ಈ ಪುಣ್ಯಾತ್ಮ ತಾನು ಇಂಥ ಒಂದು ಯಾನಕ್ಕೂ ಹೋದವನಲ್ಲ. 1434ರಲ್ಲಿ ಜಿಲ್ ಯಾನೆಸ್ ಅನ್ನೋನು, ಹಿಂದಿನ ವರ್ಷ ಹೆದರಿ ವಾಪಸ್ ಬಂದಿದ್ದವನೇ, ಆ ಭೂಶಿರ ದಾಟಿದ. ಆ ಕಡೆ ಮನುಷ್ಯರೂ ಇಲ್ಲ ಮನೆಯೂ ಇಲ್ಲ, ಪ್ರೂಫ್ ಏನು ತರೋದು? ಅಲ್ಲಿ ಬೆಳೆದಿದ್ದ ಒಂದು ಜಾತಿ ಗಿಡ ಕಿತ್ತು ತಂದು ಹೆನ್ರಿ ಮುಂದೆ ಇಟ್ಟ, ಪೋರ್ಚುಗಲ್‌ನಲ್ಲಿ ಸಂತ ಮರಿಯಳ ಗುಲಾಬಿ ಅಂತ ಕರೀತಿದ್ರಂತೆ ಅದನ್ನ.

ವಾಪಸ್ ಬರೋ ಉಪಾಯ ಏನಪ್ಪಾ ಅಂದ್ರೆ, ಇದೇ ನೋಡಿ ಇಡೀ ಕಥೆಯ ಕೀಲಿ, ಗಾಳಿಗೆ ಎದುರು ಜಗಳ ಆಡ್ಬಾರ್ದು. ಮನೆ ಇರೋದು ಉತ್ತರಕ್ಕೆ, ಆದ್ರೆ ದಡ ಬಿಟ್ಟು ವಾಯವ್ಯಕ್ಕೆ, ಅಂದ್ರೆ ಅಟ್ಲಾಂಟಿಕ್ ಒಳಗೆ, ಗಾಳಿ ಒಂದು ಪಕ್ಕದಿಂದ ಹೊಡೆಯೋ ಹಂಗೆ ಇಟ್ಕೊಂಡು ದಿನಗಟ್ಲೆ, ವಾರಗಟ್ಲೆ ಹೋಗ್ತಾ ಇರ್ಬೇಕು, ನೆಲ ಅನ್ನೋದೇ ಕಾಣ್ಬಾರ್ದು, ಹಂಗೇ ಅಜೋರ್ಸ್ ದ್ವೀಪಗಳ ಮಟ್ಟಕ್ಕೆ ಬಂದಾಗ ಗಾಳಿ ಬದಲಾಗತ್ತೆ, ಪಶ್ಚಿಮದಿಂದ ಬೀಸೋಕೆ ಶುರು ಆಗತ್ತೆ, ಅದು ಎತ್ಕೊಂಡು ಹೋಗಿ ಲಿಸ್ಬನ್‌ಗೆ ಬಿಡತ್ತೆ. ಇದಕ್ಕೆ ಅವರು ವೋಲ್ಟಾ ದೊ ಮಾರ್ ಅಂತಿದ್ರು, ಸಮುದ್ರದ ಸುತ್ತು ಅನ್ಕೊಳ್ಳಿ. ಮನೆಗೆ ಹೋಗೋಕೆ ಮನೆಗೆ ಬೆನ್ನು ಹಾಕ್ಬೇಕು. ಕೇಳೋಕೆ ಸಿಂಪಲ್, ಆದ್ರೆ ಕಣ್ಣಿಗೆ ದಡ ಕಾಣ್ತಿರ್ಬೇಕು ಅಂತ ತಲೆತಲಾಂತರದಿಂದ ಕಲಿತವರಿಗೆ ಇದನ್ನ ಒಪ್ಪಿಸೋದು ಸಣ್ಣ ಕೆಲಸ ಅಲ್ಲ. ಕ್ಯಾರವೆಲ್ ಅನ್ನೋ ಹಗುರ ಹಡಗು, ಅದರ ತ್ರಿಕೋನದ ಹಾಯಿ, ಇವೂ ಸಹಾಯ ಮಾಡಿದ್ವು, ಆ ಹಾಯಿ ಇದ್ರೆ ಗಾಳಿಗೆ ಸ್ವಲ್ಪ ಓರೆಯಾಗಿ ಅಂಕುಡೊಂಕಾಗಿ ಹೋಗ್ಬಹುದು.

ಈಗ ಪ್ರಶ್ನೆಯಲ್ಲೇ ಇರೋ ಒಂದು ತಪ್ಪು ಸರಿ ಮಾಡ್ಬೇಕು. ಎಂಬತ್ತು ವರ್ಷಾನೂ ಅವರು ಇಂಡಿಯಾನೇ ಹುಡುಕ್ತಿದ್ರು ಅನ್ನೋದು ನಾವು ಹಿಂದಿನಿಂದ ನೋಡಿ ಕಟ್ಟಿದ ಕಥೆ. ಸ್ಕೂಲಲ್ಲಿ ನಾವೆಲ್ಲಾ ಬಾಯಿಪಾಠ ಮಾಡಿದ್ದೇನು? 1453ರಲ್ಲಿ ಟರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ರು, ದಾರಿ ಬಂದ್ ಆಯ್ತು, ಅದಕ್ಕೇ ಯುರೋಪಿನವರು ಸಮುದ್ರದಾರಿ ಹುಡುಕಿದ್ರು. ಎರಡು ಮಾರ್ಕ್ಸ್ ಗ್ಯಾರಂಟಿ. ಆದ್ರೆ ಜಿಲ್ ಯಾನೆಸ್ ಬೊಜಡೋರ್ ದಾಟಿದ್ದು 1434ರಲ್ಲಿ, ಕಾನ್‌ಸ್ಟಾಂಟಿನೋಪಲ್ ಬೀಳೋಕೆ ಇನ್ನೂ 19 ವರ್ಷ ಇತ್ತು. ಮೇಲಾಗಿ ಮಲಬಾರಿನ ಕಾಳುಮೆಣಸು ಮುಖ್ಯವಾಗಿ ಹೋಗ್ತಿದ್ದಿದ್ದು ಕೆಂಪು ಸಮುದ್ರದ ಮೂಲಕ ಈಜಿಪ್ಟಿಗೆ, ಅಲೆಕ್ಸಾಂಡ್ರಿಯಾದಲ್ಲಿ ವೆನಿಸ್ ವ್ಯಾಪಾರಿಗಳು ಕೊಳ್ತಿದ್ರು, ಆ ವ್ಯಾಪಾರ 1453 ಆದ್ಮೇಲೂ ಜೋರಾಗೇ ನಡೀತಿತ್ತು. ಪೋರ್ಚುಗೀಸರ ಸಿಟ್ಟು ದಾರಿ ಬಂದ್ ಆಗಿದ್ದಕ್ಕಲ್ಲ, ಆ ದಾರಿಯ ಲಾಭ ಬೇರೆಯವರ ಜೇಬಿಗೆ ಹೋಗ್ತಿದೆ ಅಂತ.

ಮೊದಮೊದಲು ಅವರಿಗೆ ಬೇಕಾಗಿದ್ದು ಸಹಾರಾ ಆಚೆಯಿಂದ ಒಂಟೆ ಮೇಲೆ ಬರ್ತಿದ್ದ ಚಿನ್ನ. ಆಮೇಲೆ ಮನುಷ್ಯರು. 1444ರಲ್ಲಿ ಪೋರ್ಚುಗಲ್‌ನ ಲಾಗೋಸ್ ಅನ್ನೋ ಊರಿಗೆ ಆಫ್ರಿಕಾದಿಂದ ಹಿಡಿದು ತಂದ 235 ಜನರನ್ನ ಇಳಿಸಿದ್ರು, ಊರ ಹೊರಗಿನ ಬಯಲಲ್ಲಿ ನಿಲ್ಲಿಸಿ ಪಾಲು ಹಾಕಿದ್ರು. ಅಪ್ಪ ಒಂದು ಪಾಲಿಗೆ, ಮಗ ಇನ್ನೊಂದು ಪಾಲಿಗೆ. ತಾಯಂದಿರು ಮಕ್ಕಳನ್ನ ತಬ್ಬಿ ನೆಲಕ್ಕೆ ಬಿದ್ದಿದ್ದನ್ನ ಅದೇ ಝುರಾರಾ ಬರೆದಿದ್ದಾನೆ, ಹೆನ್ರಿಯ ಆಸ್ಥಾನದ ಪರವಾಗಿ ಬರೆಯೋನಿಗೇ ಅಲ್ಲಿ ಕಣ್ಣೀರು ಬಂದಿದೆ. ಹೆನ್ರಿ ಕುದುರೆ ಮೇಲೆ ಕೂತು ನೋಡ್ತಿದ್ದ, ಅವನ ಐದನೇ ಒಂದು ಪಾಲಿಗೆ 46 ಜನ ಬಂದ್ರು. ಸಮುದ್ರ ಶೋಧನೆಗೆ ದುಡ್ಡು ಎಲ್ಲಿಂದ ಬಂತು ಅಂತ ಕೇಳಿದ್ರೆ ಉತ್ತರದಲ್ಲಿ ಈ ಬಯಲೂ ಸೇರತ್ತೆ.

ಹೆನ್ರಿ 1460ರಲ್ಲಿ ಸತ್ತ, ಆಗ ಅವರ ಹಡಗು ಇವತ್ತಿನ ಸಿಯೆರಾ ಲಿಯೋನ್ ಆಸುಪಾಸು ತಲುಪಿತ್ತು ಅಷ್ಟೆ. ಆಮೇಲೆ ಕೆಲಸ ಸ್ವಲ್ಪ ಮಲಗ್ತು. 1469ರಲ್ಲಿ ರಾಜ ಏನ್ ಮಾಡ್ದ ಅಂದ್ರೆ, ನಮ್ಮಲ್ಲಿ ಟೋಲ್ ರಸ್ತೆ ಟೆಂಡರ್ ಕೊಡ್ತಾರಲ್ಲ ಹಂಗೆ, ಫೆರ್ನಾವ್ ಗೋಮೆಸ್ ಅನ್ನೋ ಲಿಸ್ಬನ್ ವ್ಯಾಪಾರಿಗೆ ಪಶ್ಚಿಮ ಆಫ್ರಿಕಾದ ಗಿನಿ ದಡದ ವ್ಯಾಪಾರಾನ ಐದು ವರ್ಷಕ್ಕೆ ಗುತ್ತಿಗೆ ಕೊಟ್ಟ, ಕಂಡೀಷನ್ ಏನಂದ್ರೆ ವರ್ಷಕ್ಕೆ ನೂರು ಲೀಗ್ (ಆ ಕಾಲದ ದೂರದ ಅಳತೆ) ಹೊಸ ದಡ ಕಂಡುಹಿಡೀಬೇಕು. ಗುತ್ತಿಗೆದಾರ ಮಾತು ಉಳಿಸ್ಕೊಂಡ ಅಪರೂಪದ ಕೇಸು ಇದು, ಅವನ ಜನ ಇವತ್ತಿನ ಘಾನಾದ ಚಿನ್ನದ ದಡ ಮುಟ್ಟಿದ್ರು, ಸಮಭಾಜಕ ವೃತ್ತಾನೂ ದಾಟಿದ್ರು.

ದಾಟಿದ ತಕ್ಷಣ ಹೊಸ ತಲೆನೋವು. ಧ್ರುವ ನಕ್ಷತ್ರ ಮುಳುಗಿಹೋಯ್ತು! ಉತ್ತರದಲ್ಲಿರೋವರೆಗೂ ಆ ನಕ್ಷತ್ರ ಎಷ್ಟು ಎತ್ತರದಲ್ಲಿದೆ ಅಂತ ಅಳೆದ್ರೆ ನೀವು ಎಷ್ಟು ಉತ್ತರಕ್ಕಿದೀರ ಅಂತ ಗೊತ್ತಾಗತ್ತೆ, ದಕ್ಷಿಣಕ್ಕೆ ಹೋದ್ಮೇಲೆ ಅದು ಕಾಣೋದೇ ಇಲ್ಲ. ಆಗ ಮಧ್ಯಾಹ್ನದ ಸೂರ್ಯನ ಎತ್ತರ ಅಳೀಬೇಕು, ಆದ್ರೆ ಸೂರ್ಯ ನಮ್ಮ ಉತ್ತರಾಯಣ ದಕ್ಷಿಣಾಯನದ ಲೆಕ್ಕದಲ್ಲಿ ದಿನಾ ಜಾಗ ಬದಲಾಯಿಸ್ತಾನೆ, ಹಾಗಾಗಿ ದಿನದಿನದ ಕೋಷ್ಟಕ ಬೇಕು, ಒಂಥರಾ ಪಂಚಾಂಗ. ಝಕುಟೊ ಅನ್ನೋ ಯಹೂದಿ ಖಗೋಳ ಪಂಡಿತ ಮಾಡಿಟ್ಟಿದ್ದ ಲೆಕ್ಕವನ್ನ ಇಟ್ಕೊಂಡು ಜೋಸೆ ವಿಝಿನ್ಯೊ ಅನ್ನೋನು 1485ರಲ್ಲಿ ಗಿನಿಗೇ ಹೋಗಿ ಸೂರ್ಯನ ಎತ್ತರ ಅಳೆದು ಪರೀಕ್ಷೆ ಮಾಡ್ದ. ಇಂಡಿಯಾಗೆ ಹೋಗ್ಲೇಬೇಕು ಅಂತ ನಿಜವಾಗ್ಲೂ ಪಟ್ಟು ಹಿಡಿದವನು 1481ರಲ್ಲಿ ಪಟ್ಟಕ್ಕೆ ಬಂದ ಎರಡನೇ ಜೊವಾವ್ ದೊರೆ, ಈ ಲೆಕ್ಕ ಎಲ್ಲಾ ಅವನ ಕಾಲದ್ದೇ.

ಸಮಭಾಜಕದ ಕೆಳಗೆ ಗಾಳಿ ಆಟ ಉಲ್ಟಾ. ಅಂಗೋಲಾ, ನಮೀಬಿಯಾ ದಡದಲ್ಲಿ ಗಾಳಿನೂ ದಕ್ಷಿಣದಿಂದ, ಪ್ರವಾಹಾನೂ ದಕ್ಷಿಣದಿಂದ. ಈಗ ವಾಪಸ್ ಬರೋದು ಸಲೀಸು, ಹೋಗೋದೇ ಕಷ್ಟ. ದಡ ಹಿಡ್ಕೊಂಡು ಹೋಗ್ಬಹುದಿತ್ತಲ್ಲ ಅಂದ್ರಲ್ಲ, ದಿಯೋಗು ಕಾವ್ ಹಂಗೇ ಹೋದ, ಎರಡು ಯಾನದಲ್ಲಿ ಕಾಂಗೋ ನದಿ ದಾಟಿ ನಮೀಬಿಯಾದ ಕೇಪ್ ಕ್ರಾಸ್ ತನಕ ಹೋಗಿ ಕಲ್ಲಿನ ಕಂಬ ನೆಟ್ಟ. ತುದಿ ಸಿಗ್ಲಿಲ್ಲ.

1487ರ ಆಗಸ್ಟಲ್ಲಿ ಹೊರಟ ಬಾರ್ತೊಲೊಮೆಯು ದಿಯಾಸ್‌ಗೂ ಅದೇ ಗತಿ, ಎದುರುಗಾಳಿಯಲ್ಲಿ ಎಷ್ಟು ಒದ್ದಾಡಿದ್ರೂ ಮುಂದೆ ಹೋಗ್ತಿಲ್ಲ. ಕೊನೆಗೆ ದಡ ಬಿಟ್ಟು ಸಮುದ್ರದೊಳಕ್ಕೆ ಸರಿದ, ಬಿರುಗಾಳಿ ಬೇರೆ, ದಿನಗಟ್ಲೆ ಆದ್ಮೇಲೆ ಪೂರ್ವಕ್ಕೆ ತಿರುಗಿಸಿದ್ರೆ ನೆಲಾನೇ ಇಲ್ಲ. ಉತ್ತರಕ್ಕೆ ತಿರುಗಿಸ್ದ, 1488ರ ಫೆಬ್ರವರಿ 3ಕ್ಕೆ ದಡ ಸಿಕ್ತು, ಆದ್ರೆ ಇಷ್ಟು ವರ್ಷ ದಕ್ಷಿಣಕ್ಕೆ ಓಡ್ತಿದ್ದ ದಡ ಈಗ ಪೂರ್ವಕ್ಕೆ ಓಡ್ತಿತ್ತು. ಆಫ್ರಿಕಾದ ತುದಿ ಯಾವಾಗ ದಾಟಿದ್ವಿ ಅಂತಾನೇ ಅವರಿಗೆ ಗೊತ್ತಾಗಿರ್ಲಿಲ್ಲ! ಇನ್ನೂ ಮುಂದೆ ಹೋಗೋಣ ಅಂದ್ರೆ ಸಿಬ್ಬಂದಿ ಒಪ್ಲಿಲ್ಲ, ವಾಪಸ್ ಬರ್ತಾ ಆ ತುದಿ ಕಂಡ್ರು. ಉತ್ತರದಲ್ಲಿ ಇರೋ ಪಶ್ಚಿಮದ ಗಾಳಿ ಕೆಳಗೂ ಇದೆ, ಅಲ್ಲೂ ಒಂದು ವೋಲ್ಟಾ ಸುತ್ಬಹುದು ಅನ್ನೋ ಸುಳಿವು ಸಿಕ್ಕಿದ್ದು ಹೀಗೆ.

ಆಮೇಲಿನ ಒಂಬತ್ತು ವರ್ಷ ರಾಜನ ಮಗ ಸತ್ತಿದ್ದು, ರಾಜನೇ ಸತ್ತಿದ್ದು, ಕೊಲಂಬಸ್ ವಿಷಯಕ್ಕೆ ಸ್ಪೇನ್ ಜೊತೆ ಪಂಚಾಯ್ತಿ, ಹೊಸ ನೆಲಗಳನ್ನ ಇಬ್ರೂ ಹಂಚ್ಕೊಂಡ 1494ರ ತೋರ್ದೆಸಿಯಾಸ್ ಒಪ್ಪಂದ, ಇದರಲ್ಲೇ ಕಳೀತು. 1497ರ ಜುಲೈ 8ಕ್ಕೆ ವಾಸ್ಕೋ ಡ ಗಾಮ ನಾಕು ಹಡಗು ತಗೊಂಡು ಹೊರಟ, ಮುಖ್ಯ ಹಡಗು ಎರಡನ್ನ ದಿಯಾಸೇ ನಿಂತು ಕಟ್ಟಿಸಿದ್ದು. ಕೇಪ್ ವರ್ಡ್ ದ್ವೀಪಗಳಿಂದ ಆಗಸ್ಟ್ 3ಕ್ಕೆ ಹೊರಟವರು ಆಫ್ರಿಕಾ ಕಡೆ ಮುಖಾನೇ ಹಾಕ್ಲಿಲ್ಲ, ಅಟ್ಲಾಂಟಿಕ್ ಮಧ್ಯಕ್ಕೆ ದೊಡ್ಡ ಬಿಲ್ಲಿನ ಥರ ಬಾಗಿ ಹೋಗಿ ಪಶ್ಚಿಮದ ಗಾಳಿ ಹಿಡಿದು ವಾಪಸ್ ಪೂರ್ವಕ್ಕೆ ಬಂದ್ರು, ನೆಲ ಕಂಡಿದ್ದು ನವೆಂಬರ್ 4ಕ್ಕೆ. ಮೂರು ತಿಂಗಳು ಬರೀ ನೀರು. ಕೊಲಂಬಸ್ ಕೆನರಿ ದ್ವೀಪಗಳನ್ನ ಬಿಟ್ಮೇಲೆ ನೆಲ ಕಾಣದೆ ಕಳೆದಿದ್ದು ಐದು ವಾರದಷ್ಟು ಅಷ್ಟೆ, ಹೋಲಿಸಿ ನೋಡಿ. ಇಳಿದಿದ್ದು ಆಫ್ರಿಕಾ ತುದಿಯ ಕೇಪ್ ಆಫ್ ಗುಡ್ ಹೋಪ್ ಭೂಶಿರದಿಂದ ಸ್ವಲ್ಪ ಮೇಲೆ, ಸೇಂಟ್ ಹೆಲೆನಾ ಕೊಲ್ಲಿಯಲ್ಲಿ. ಹಡಗು ಅಲ್ಲಾಡೋದ್ರಿಂದ ಅಳತೆ ಸರಿ ಸಿಗಲ್ಲ ಅಂತ ಆಸ್ಟ್ರೋಲೇಬ್ ಅನ್ನೋ ಮರದ ದೊಡ್ಡ ಅಳತೆ ಸಾಧನ ಇಳಿಸಿ ದಡದ ಮೇಲೆ ಮೂರು ಕಾಲಿನ ಸ್ಟ್ಯಾಂಡಿಗೆ ನೇತುಹಾಕಿ ಸೂರ್ಯನ ಎತ್ತರ ಅಳೆದ್ರು. ಮೂರು ವರ್ಷ ಆದ್ಮೇಲೆ, 1500ರಲ್ಲಿ ಕಬ್ರಾಲ್ ಇದೇ ಬಿಲ್ಲನ್ನ ಇನ್ನೂ ಸ್ವಲ್ಪ ಅಗಲ ಮಾಡ್ದ, ಬ್ರೆಜಿಲ್‌ಗೇ ಹೋಗಿ ತಗ್ಲಿಹಾಕ್ಕೊಂಡ.

ಇಲ್ಲಿಗೆ ನಿಮ್ಮ ಪ್ರಶ್ನೆಗೆ ಉತ್ತರ ಮುಗೀತು, ಆದ್ರೆ ನಮ್ಮ ಸಮುದ್ರದ ಕಥೆ ಹೇಳದೆ ಬಿಡೋಕಾಗಲ್ಲ. ಆಫ್ರಿಕಾ ಪೂರ್ವ ದಡದ ಮಲಿಂದಿಯಲ್ಲಿ ಅಲ್ಲಿನ ರಾಜ ಒಬ್ಬ ಪೈಲಟ್ ಕೊಟ್ಟ. ಅವನು ಅರಬ್ ನಾವಿಕ ಇಬ್ನ್ ಮಾಜಿದ್ ಅಂತ ಎಲ್ಲಾ ಕಡೆ ಬರೆದಿರತ್ತೆ, ಈಗಿನ ಚರಿತ್ರೆಕಾರರು ಒಪ್ಪಲ್ಲ, ಹಳೇ ಪೋರ್ಚುಗೀಸ್ ಬರಹಗಳಲ್ಲೇ ಅವನು ಗುಜರಾತಿ ಅಂತಿದೆ. 1498ರ ಏಪ್ರಿಲ್ 24ಕ್ಕೆ ಹೊರಟ್ರು, ಮುಂಗಾರು ಗಾಳಿ ಶುರುವಾಗೋ ಹೊತ್ತು, 23 ದಿನ ತೆರೆದ ಸಮುದ್ರ, ಮೇ 18ಕ್ಕೆ ಮಲಬಾರಿನ ಬೆಟ್ಟ ಕಾಣ್ತು. ಕಲ್ಲಿಕೋಟೆಯ ರಾಜ ಸಾಮೂದಿರಿಗೆ ಟೋಪಿ, ಕೈತೊಳೆಯೋ ಬೇಸಿನ್, ಸಕ್ಕರೆ, ಜೇನುತುಪ್ಪ ಗಿಫ್ಟ್ ತಗೊಂಡು ಹೋಗಿ ನಗೆಪಾಟಲಾಗಿದ್ದು ಬೇರೆ ಕಥೆ.

ಸಂಬಂಧ ಕೆಟ್ಟು ಆಗಸ್ಟ್ 29ಕ್ಕೆ ಅಲ್ಲಿಂದ ಕಾಲು ಕಿತ್ತ ಗಾಮ ನಮ್ಮ ಕರಾವಳಿ ಉದ್ದಕ್ಕೂ ಮೇಲೆ ಬಂದು, ದಾರೀಲಿ ಒಂದು ದ್ವೀಪದಲ್ಲಿ ಸಂತ ಮರಿಯಳ ಹೆಸರಿನ ಕಲ್ಲುಕಂಬ ನೆಟ್ಟು (ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಆ ಹೆಸರು ಇದ್ರಿಂದಾನೇ ಬಂದಿದ್ದು ಅಂತಾರೆ), ಕಾರವಾರದ ಹತ್ರ ಇರೋ ಅಂಜದೀವ್ ದ್ವೀಪದಲ್ಲಿ ನಿಂತ. ಅಲ್ಲಿ ಕಲ್ಲು ಕಟ್ಟಿದ ಸಿಹಿನೀರಿನ ಕೆರೆ ಇತ್ತು, ಹಡಗು ಒಣಗಿಸಿ ತಳ ಉಜ್ಜಿದ್ರು, ನೀರು ತುಂಬ್ಕೊಂಡ್ರು. ಗೋವಾ ಕಡೆಯಿಂದ ಮಾತಾಡ್ಸೋ ನೆಪದಲ್ಲಿ ಬಂದ ಒಬ್ಬನ್ನ ಹಿಡಿದು ಹೊಡೆದು ಬಾಯಿಬಿಡಿಸಿದ್ರೆ, ದಾಳಿ ಮಾಡೋಕೆ ಹಡಗುಗಳು ತಯಾರಾಗ್ತಿವೆ ಅಂದ. ಗಡಿಬಿಡಿಯಲ್ಲಿ ಅಕ್ಟೋಬರ್ 5ಕ್ಕೆ ಹೊರಟೇ ಬಿಟ್ರು.

ಆ ದಡದ ಯಾವ ನಾವಿಕನನ್ನ ಕೇಳಿದ್ರೂ ಬೇಡ ಅಂತಿದ್ದ. ಮುಂಗಾರು ಸತ್ತು ಈಶಾನ್ಯದ ಗಾಳಿ ಇನ್ನೂ ಗಟ್ಟಿಯಾಗದ ತಿಂಗಳು ಅದು. ಅಟ್ಲಾಂಟಿಕ್‌ನ ಗಾಳಿ ಎಂಬತ್ತು ವರ್ಷ ಓದಿದವರು ಅರಬ್ಬಿ ಸಮುದ್ರದ ಗಾಳಿಯ ಒಂದು ಪುಟಾನೂ ಓದಿರ್ಲಿಲ್ಲ. ಒಂದಿನ ಗಾಳಿ ಇಲ್ಲ, ಒಂದಿನ ಎದುರುಗಾಳಿ, ಬರ್ತಾ 23 ದಿನ ಆಗಿದ್ದ ದಾರಿ ಹೋಗ್ತಾ ಮೂರು ತಿಂಗಳಿಗೆ ಮೂರೇ ದಿನ ಕಮ್ಮಿ. ತಾಜಾ ಹಣ್ಣು ತರಕಾರಿ ಇಲ್ದೆ ಬರೋ ಸ್ಕರ್ವಿ ಕಾಯಿಲೇಲಿ ವಸಡು ಊದಿ ಹಲ್ಲಿನ ಮೇಲೆ ಬೆಳೆದು ಏನೂ ತಿನ್ನೋಕಾಗ್ದೆ ಮೂವತ್ತು ಜನ ಸತ್ರು, ಒಂದೊಂದು ಹಡಗಲ್ಲಿ ಎದ್ದು ಕೆಲಸ ಮಾಡೋ ಸ್ಥಿತಿಯಲ್ಲಿದ್ದವರು ಏಳೋ ಎಂಟೋ ಜನ. 1499ರ ಜನವರಿ 7ಕ್ಕೆ ಮಲಿಂದಿ ತಲುಪಿ ಗಾಮ ಮೊದಲು ತರಿಸಿದ್ದರಲ್ಲಿ ಕಿತ್ತಳೆ ಹಣ್ಣೂ ಇತ್ತು, ಕಾಯಿಲೆಯವರು ಅದನ್ನೇ ಕೇಳ್ತಿದ್ರಂತೆ. ನಡೆಸೋಕೆ ಜನ ಇಲ್ದೆ ಸಾವ್ ರಫಾಯೆಲ್ ಹಡಗನ್ನ ಅಲ್ಲೇ ಮುಂದೆ ದಡದ ಹತ್ರ ಸುಟ್ಟುಹಾಕಿದ್ರು. ಅಂಜದೀವ್‌ನ ಕೆರೆ ಪಕ್ಕ ಕಾದು ಡಿಸೆಂಬರ್ ಮಧ್ಯದಲ್ಲಿ ಆರಾಮಾಗಿ ಹೊರಟಿದ್ರೂ, ಹೆಚ್ಚುಕಮ್ಮಿ ಅದೇ ಜನವರಿ 7ಕ್ಕೇ ಮಲಿಂದಿಯಲ್ಲಿ ಇರ್ತಿದ್ರು.