ಕಪ್ಪು ಪಿತ್ತ ಹಾಡಾದ ಬಗೆ

1927ರಲ್ಲಿ ಮೊಸ್ತಾರ್ ಪಟ್ಟಣದಲ್ಲಿ ಹುಟ್ಟಿದ ಹಿಮ್ಜೊ ಪೊಲೊವಿನಾ ವೃತ್ತಿಯಿಂದ ನರರೋಗ ಮತ್ತು ಮನೋರೋಗಗಳ ವೈದ್ಯರು. ಆದರೆ ಬೋಸ್ನಿಯಾದ ಜನ ಅವರನ್ನು ಇಂದಿಗೂ ನೆನೆಯುವುದು ಅವರು ಹಾಡಿದ ಸೆವ್ದಾಲಿಂಕಾಗಳಿಗಾಗಿ. ಸೆವ್ದಾಲಿಂಕಾ ಎಂದರೆ ಅಲ್ಲಿನ ಪಟ್ಟಣಗಳ ಅಂಗಳ, ಕಿಟಕಿ, ಹೂದೋಟಗಳ ನಡುವೆ ಬೆಳೆದ ಪ್ರೇಮಗೀತೆ. ಅದರೊಳಗಿನ ವಿರಹದ ಭಾವಕ್ಕೆ ಸೆವ್ದಾಹ್ ಎಂದು ಹೆಸರು. ಮನಸ್ಸಿನ ಕಾಯಿಲೆಗೆ ಮದ್ದು ಕೊಡುತ್ತಿದ್ದವರೇ ಈ ಹಾಡುಗಳ ದೊಡ್ಡ ಗಾಯಕರೂ ಆದದ್ದು ಆಕಸ್ಮಿಕವಿರಬಹುದು, ಆದರೆ ಹಾಡಿನ ಹೆಸರಿನ ಬೇರು ಹುಡುಕುತ್ತ ಹೋದರೆ ನಾವು ಮುಟ್ಟುವುದು ವೈದ್ಯಶಾಸ್ತ್ರವನ್ನೇ.

ತುರ್ಕಿ ಭಾಷೆಯಲ್ಲಿ ‘ಸೆವ್ದಾ’ ಎಂದರೆ ಪ್ರೇಮ. ಆ ಪದ ಬಂದದ್ದು ಅರಬ್ಬಿಯ ‘ಸೌದಾ’ದಿಂದ, ಅದರ ಮೂಲ ಅರ್ಥ ಕಪ್ಪು, ವೈದ್ಯರ ಬಾಯಲ್ಲಿ ಕಪ್ಪು ಪಿತ್ತ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳು ಸಮತೂಕದಲ್ಲಿದ್ದರೆ ಆರೋಗ್ಯ, ಕಪ್ಪು ಪಿತ್ತ ಮಿತಿಮೀರಿದರೆ ಖಿನ್ನತೆ ಎಂದು ಗ್ರೀಕ್ ವೈದ್ಯರು ನಂಬಿದ್ದರು; ಅರಬ್ಬಿ ವೈದ್ಯರು ಆ ವಿಚಾರವನ್ನು ತಮ್ಮದಾಗಿಸಿಕೊಂಡರು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಓದುವವರಿಗೂ ದಮ್, ಬಲ್ಗಮ್, ಸಫ್ರಾ, ಸೌದಾ ಎಂಬ ಈ ನಾಲ್ಕು ಹೆಸರುಗಳು ಪರಿಚಿತವೇ. ಆಧುನಿಕ ಶರೀರಶಾಸ್ತ್ರಕ್ಕೆ ದೇಹದಲ್ಲಿ ಕಪ್ಪು ಪಿತ್ತವೆಂಬ ದ್ರವ ಸಿಕ್ಕಿಲ್ಲ. ಸಿಗದ ಆ ದ್ರವದ ಹೆಸರು ಮಾತ್ರ ಒಂದು ಗೀತಪ್ರಕಾರಕ್ಕೆ ಉಳಿದುಕೊಂಡಿತು.

ಪ್ರೇಮಕ್ಕೂ ಪಿತ್ತಕ್ಕೂ ನಂಟು ಬೆಸೆದದ್ದು ಬರೀ ಕವಿಗಳಲ್ಲ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಪರ್ಷಿಯಾದ ವೈದ್ಯ ಇಬ್ನ್ ಸೀನಾ ತಮ್ಮ ವೈದ್ಯಗ್ರಂಥದಲ್ಲಿ ಪ್ರೇಮಜ್ವರವನ್ನು ಖಿನ್ನತೆಯಂತಹದೇ ಒಂದು ಕಾಯಿಲೆಯಾಗಿ ವರ್ಣಿಸಿ, ಅದನ್ನು ಪತ್ತೆ ಮಾಡುವ ಬಗೆಯನ್ನೂ ಹೇಳಿಕೊಟ್ಟರು. ವೈದ್ಯ ರೋಗಿಯ ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರನ್ನು ಹೇಳುತ್ತ ಹೋಗಬೇಕು. ಯಾವ ಹೆಸರಿಗೆ ನಾಡಿ ತಟ್ಟನೆ ಬದಲಾಗುತ್ತದೋ ಅದನ್ನೇ ಮತ್ತೆ ಮತ್ತೆ ಹೇಳಿ ಖಚಿತಪಡಿಸಿಕೊಳ್ಳಬೇಕು. ಬಾಯಿ ಮುಚ್ಚಿಟ್ಟದ್ದನ್ನು ನಾಡಿ ಬಿಟ್ಟುಕೊಡುತ್ತದೆ ಎಂಬ ಆ ತಿಳಿವಳಿಕೆ ಸುಳ್ಳಲ್ಲ: ಭಾವೋದ್ವೇಗವಾದಾಗ ನಮ್ಮ ಹಿಡಿತದಲ್ಲಿಲ್ಲದ ನರವ್ಯೂಹವೇ ಎದೆಬಡಿತವನ್ನು ಏರಿಸುತ್ತದೆ.

1463ರಲ್ಲಿ ಬೋಸ್ನಿಯಾ ಒಟ್ಟೊಮನ್ ತುರ್ಕರ ವಶವಾದ ಮೇಲೆ ಇಂತಹ ಪದಗಳು ಅಲ್ಲಿನ ಸ್ಲಾವಿಕ್ ನುಡಿಯೊಳಗೆ ಇಳಿದವು. 1878ರವರೆಗೆ ಅದೇ ಆಳ್ವಿಕೆಯಲ್ಲಿದ್ದ ದಕ್ಷಿಣ ಸರ್ಬಿಯಾದ ವ್ರಾನ್ಯೆ ಪಟ್ಟಣದಲ್ಲಿಯೂ ‘ಕರಸೆವ್ದಾಹ್’ ಎಂಬ ಮಾತಿದೆ. ತುರ್ಕಿಯಲ್ಲಿ ‘ಕರ’ ಎಂದರೂ ಕಪ್ಪೇ. ಹೀಗಾಗಿ ಆ ಒಂದು ಪದದಲ್ಲಿ ಕಪ್ಪಿನ ಮೇಲೆ ಕಪ್ಪು ಬಳಿದಂತಾಗಿದೆ. ಆ ಊರಿನ ಹಾಡುಗಳನ್ನು ಗಾಯಕ ಸ್ತಾನಿಶಾ ಸ್ತೊಶಿಚ್ ಮನೆಮನೆಗೆ ಮುಟ್ಟಿಸಿದರು. ಬೋಸ್ನಿಯಾದ ದೊಬೊಯ್‌ನಲ್ಲಿ ಹುಟ್ಟಿದ ಗಾಯಕಿ ಸಿಲ್ವಾನಾ ಅರ್ಮೆನುಲಿಚ್ ಆಗಿನ ಯುಗೊಸ್ಲಾವಿಯಾಕ್ಕೆಲ್ಲ ಪರಿಚಿತರಾದದ್ದು ಸರ್ಬಿಯಾದ ಗಾಯಕ ತೊಮಾ ಝ್ದ್ರಾವ್ಕೊವಿಚ್ ರಚಿಸಿಕೊಟ್ಟ, ನಲ್ಲನಿಲ್ಲದ ಬಾಳು ಯಾಕೆ ಎಂದು ಕೇಳುವ ಹಾಡಿನಿಂದ. 1976ರಲ್ಲಿ ರಸ್ತೆ ಅಪಘಾತವೊಂದರಲ್ಲಿ ಸಿಲ್ವಾನಾ ತೀರಿಕೊಂಡರು. ಇದು ಬೋಸ್ನಿಯಾದ ಹಾಡು, ಅದು ಸರ್ಬಿಯಾದ್ದು ಎಂದು ಗೆರೆ ಎಳೆಯುವುದು ಇಂತಹ ಕಡೆ ಕಷ್ಟವೆಂದೇ ನನಗನ್ನಿಸುತ್ತದೆ.

ಈ ಹಾಡುಗಳ ಕಿವಿಗುರುತು ಸ್ವರಗಳ ನಡುವಿನ ಒಂದು ಅಂತರ. ಎರಡು ಸ್ವರಗಳ ನಡುವೆ ಮೂರು ಅರ್ಧಸ್ವರಗಳಷ್ಟು ಜಾಗ ಬಿಟ್ಟು, ಆಚೀಚೆ ಅರ್ಧಸ್ವರದ ಕಿರುಹೆಜ್ಜೆ ಇಡುವ ಮಟ್ಟು ಅನೇಕ ಸೆವ್ದಾಲಿಂಕಾಗಳಲ್ಲಿದೆ. ಮಾಯಾಮಾಳವಗೌಳದ ಸರಳೆ ಕಲಿತವರು ಸ-ರಿ-ಗ-ಮ ಎಂದು ಹಾಡಿಕೊಂಡರೆ ಆ ಅಂತರ ಅವರ ಗಂಟಲಲ್ಲೇ ಸಿಗುತ್ತದೆ. ಮೊದಲು ಜೊತೆಗಿದ್ದದ್ದು ಸಾಝ್ ಎಂಬ ಉದ್ದ ಕತ್ತಿನ ತಂತಿವಾದ್ಯ. ಅದರ ಮೆಟ್ಟಿಲುಗಳಲ್ಲಿ ಅರ್ಧಸ್ವರಕ್ಕಿಂತ ಸಣ್ಣ ಅಂತರಗಳಿಗೂ ಎಡೆಯಿತ್ತು. ಆಮೇಲೆ ಬಂದ ಅಕಾರ್ಡಿಯನ್‌ನಲ್ಲಿ ಸಪ್ತಕಕ್ಕೆ ಹನ್ನೆರಡೇ ಮನೆಗಳು. ಅಕಾರ್ಡಿಯನ್ ಹಿಡಿದೇ ಹಾಡುತ್ತಿದ್ದ ಝಾಯಿಮ್ ಇಮಾಮೊವಿಚ್ ಅಂಥವರು, ವಾದ್ಯಕ್ಕೆ ನಿಲುಕದ ನುಣುಪನ್ನೆಲ್ಲ ಕಂಠದಲ್ಲಿ ಉಳಿಸಿಕೊಂಡರು: ಒಂದೇ ಅಕ್ಷರದ ಮೇಲೆ ಹಲವು ಸ್ವರಗಳನ್ನು ಜಾರಿಸುತ್ತ, ತಾಳಕ್ಕೆ ಕಟ್ಟುಬೀಳದೆ, ಉಸಿರು ಸಾಗುವಷ್ಟು ದೂರ ಸಾಲನ್ನು ಎಳೆಯುತ್ತ. ಅವರ ಮೊಮ್ಮಗ ದಾಮಿರ್ ಇಮಾಮೊವಿಚ್ ಈಗ ಮತ್ತೆ ತಂತಿವಾದ್ಯದೊಂದಿಗೆ ಹಾಡುತ್ತಿದ್ದಾರೆ.

ಇಷ್ಟು ದುಃಖದ ಹಾಡನ್ನು ಜನ ಹುಡುಕಿಕೊಂಡು ಹೋಗುವುದು ಏಕೆ? 772 ಮಂದಿಯನ್ನು ಪ್ರಶ್ನಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದುಃಖದ ಸಂಗೀತ ಎಬ್ಬಿಸುವ ಭಾವಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕಂಡದ್ದು ದುಃಖವಲ್ಲ, ಕಳೆದುಹೋದದ್ದರ ಹಂಬಲ. ಸೆವ್ದಾಹ್ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ವಿವರಣೆ ನನಗೆ ಸಿಕ್ಕಿಲ್ಲ.

ಪೊಲೊವಿನಾ ಹಾಡಿದವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ‘ಎಮಿನಾ’. ಮೊಸ್ತಾರ್‌ನ ಸರ್ಬ್ ಕವಿ ಅಲೆಕ್ಸಾ ಶಾಂತಿಚ್ 1902ರಲ್ಲಿ ಬರೆದ ಕವಿತೆ ಅದು. ಹಮಾಮಿನಿಂದ, ಅಂದರೆ ಸಾರ್ವಜನಿಕ ಸ್ನಾನಗೃಹದಿಂದ, ಮರಳುತ್ತಿರುವವನು ಮುದುಕ ಇಮಾಮರ ತೋಟದ ಪಕ್ಕ ಹಾದುಹೋಗುವಾಗ ಮಲ್ಲಿಗೆಯ ನೆರಳಲ್ಲಿ ಹೂಜಿ ಹಿಡಿದ ಎಮಿನಾಳನ್ನು ಕಂಡು ಸಲಾಂ ಎನ್ನುತ್ತಾನೆ. ಅವಳು ಕಿವಿಗೊಡದೆ ಬೆಳ್ಳಿಯ ಹೂಜಿಯಿಂದ ಗುಲಾಬಿಗಳಿಗೆ ನೀರೆರೆಯುತ್ತಾಳೆ. ಮೂಲದಲ್ಲಿಲ್ಲದ ಒಂದು ಚರಣ ಪೊಲೊವಿನಾರ ಹಾಡಿನ ಕೊನೆಗಿದೆ. ಕವಿ ತೀರಿಕೊಂಡಿದ್ದಾನೆ, ಎಮಿನಾಳೂ ತೀರಿಕೊಂಡಿದ್ದಾಳೆ, ಮಲ್ಲಿಗೆಯ ತೋಟ ಹಾಳುಬಿದ್ದಿದೆ, ಆ ಹೂಜಿ ಒಡೆದುಹೋಗಿದೆ. ಡಾಕ್ಟರು ಅದನ್ನು ಒಂದಿಷ್ಟೂ ಅಬ್ಬರವಿಲ್ಲದೆ ಹಾಡುತ್ತಾರೆ.